ಎರಡನೇ ಸಲ ಯಾರು ಕರೀತಾರೆ?

ಕೆಲವರು ಹೋದ ಕಡೆಯೆಲ್ಲ ಹಾರ, ಶಾಲು ಕಾದಿರುತ್ತೆ. ನಾವು ನಾಲ್ಕು ಜನ ಹೋದ ಕಡೆಯೆಲ್ಲ ಏನಾದರೊಂದು ಫಜೀತಿ ಕಾದಿರುತ್ತಿತ್ತು. ನಾವಾಗಿ ಹುಡುಕಿಕೊಂಡು ಹೋದದ್ದಲ್ಲ, ದೇವರಾಣೆ. ವಾದ್ಯ ಬಿಚ್ಚಿದರೆ ಸಾಕು, ಅದೂ ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತಿತ್ತು.

ನಾಲ್ಕು ಜನ ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಒಬ್ಬರು ರಾಜಾಜಿನಗರದ ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದವರು, ಪಿಟೀಲು ನುಡಿಸುವವರು, ಸಾಲದ್ದಕ್ಕೆ ಹೊಸ ಸಂಗೀತ ಬರೆಯುವವರು. ಅವರು ಬರೆದದ್ದರಲ್ಲಿ ಪಲ್ಲವಿ ಇಲ್ಲ, ಚರಣ ಇಲ್ಲ, ತಾಳ ಹಾಕೋಣ ಅಂದರೆ ಎತ್ತಿದ ಕೈ ಎಲ್ಲಿ ಇಳಿಸಬೇಕು ಅಂತ ಗೊತ್ತಾಗುವುದಿಲ್ಲ. ಇನ್ನೊಬ್ಬರು ಗದಗಿನವರು. ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸುತ್ತ, ಅಲ್ಲಿನ ಆರ್ಕೆಸ್ಟ್ರಾದಲ್ಲಿ ಸೆಲ್ಲೋ ಕಲಿತು, ಕೊನೆಗೆ ವಿಆರ್‌ಎಸ್ ತಗೊಂಡು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡವರು. ಸೆಲ್ಲೋ ಅಂದರೆ ಪಿಟೀಲಿನ ದೊಡ್ಡಪ್ಪ, ಆಳೆತ್ತರ ಇರುತ್ತೆ. ಮೂರನೆಯವರು ಮದುವೆ ಬ್ಯಾಂಡ್‌ಸೆಟ್‌ನಿಂದ ಬಂದ ಕ್ಲಾರಿಯೋನೆಟ್ ಅಣ್ಣ. ನಾಲ್ಕನೆಯವಳು ನಾನು, ಬಸವೇಶ್ವರನಗರದ ಒಂದು ಲ್ಯಾಬಿನಲ್ಲಿ ಬ್ಲಡ್ ಟೆಸ್ಟು ಮಾಡುವವಳು. ನನ್ನದು ವಯೋಲಾ. ಪಿಟೀಲಿಗಿಂತ ಒಂದು ಸುತ್ತು ದೊಡ್ಡದು, ದನಿ ಸ್ವಲ್ಪ ನೆಗಡಿ ಬಂದ ಹಾಗೆ. "ಬೆಳಗ್ಗೆ ಜನರ ರಕ್ತ ಹೀರ್ತಾಳೆ, ಸಂಜೆ ಕಿವಿ ಹೀರ್ತಾಳೆ" ಅಂತ ನಮ್ಮ ಯಜಮಾನರು ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಿದ್ದರು.

ನಾವು ಮಾಡುತ್ತಿದ್ದದ್ದಕ್ಕೆ ಚೇಂಬರ್ ಮ್ಯೂಸಿಕ್ ಅನ್ನುತ್ತಾರೆ. ದೊಡ್ಡ ಸ್ಟೇಜು ಬೇಡ, ಮೈಕು ಬೇಡ. ಒಂದು ಕೋಣೆ, ನಾಲ್ಕು ಕುರ್ಚಿ, ಹತ್ತಿರ ಕೂತು ಕೇಳುವ ಜನ ಇದ್ದರೆ ಆಯಿತು. ಮೆಟ್ರೋ ಇನ್ನೂ ಬಂದಿರದಿದ್ದ ಆ ದಿನಗಳಲ್ಲಿ ಬೆಂಗಳೂರಿನ ಈ ಪಶ್ಚಿಮದ ಕಡೆಯೆಲ್ಲ ಬಸ್ಸಿನಲ್ಲೇ ಓಡಾಡಿ ನುಡಿಸುತ್ತಿದ್ದೆವು. ಕರೆಯುವವರಿಗೇನೂ ಬರ ಇರಲಿಲ್ಲ. ನಮ್ಮ ಜನ ಯಾರನ್ನಾದರೂ ಒಂದು ಸಲ ಕರೆದು ಕಾಫಿ ಕೊಡುತ್ತಾರೆ, ಅಷ್ಟು ದೊಡ್ಡ ಮನಸ್ಸು. ಆದರೆ ಎರಡನೇ ಸಲ ಮಾತ್ರ ಒಬ್ಬರೂ ಕರೆದಿರಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಮೇಷ್ಟ್ರು ಅಭ್ಯಾಸ ನಿಲ್ಲಿಸಿ ಹೇಳಿದರು. "ಒಂದ್ಸಲ ಕರೆಯೋದು ಕುತೂಹಲಕ್ಕೆ ಕಣಮ್ಮ. ಎರಡನೇ ಸಲ ಕರೆದ್ರೆ ಬೇಕು ಅಂತ ಅರ್ಥ. ಈ ಸೀಸನ್ ಮುಗಿಯೋದ್ರೊಳಗೆ ಒಬ್ಬರಾದ್ರೂ ಎರಡನೇ ಸಲ ಕರೀದಿದ್ರೆ, ಸುಮ್ನೆ ಜನರ ಪ್ರಾಣ ತಿನ್ನೋದು ಬೇಡ. ನಿಲ್ಲಿಸಿಬಿಡೋಣ."

ಬೆಳಗ್ಗೆ ಆರಕ್ಕೆ ಜನರ ತೋಳಿಗೆ ಸೂಜಿ ಚುಚ್ಚಿ, ಮಧ್ಯಾಹ್ನ ರಿಪೋರ್ಟು ಬರೆದು, ಸಂಜೆ ಸಾರಿಗೆ ಒಗ್ಗರಣೆ ಹಾಕಿ ಬದುಕುತ್ತಿದ್ದವಳಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಸಿಕ್ಕಿದ ಒಂದೇ ಒಂದು ನನ್ನದು ಅನ್ನುವ ವಿಷಯ ಅದು. ಭಾನುವಾರ ಮೇಷ್ಟ್ರ ಮನೆಯ ಮಹಡಿ ಹತ್ತದಿದ್ದರೆ ನನಗೆ ವಾರವೇ ಶುರುವಾಗುತ್ತಿರಲಿಲ್ಲ. ಆವತ್ತಿನಿಂದ ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ಕರೆದವರ ಮುಖವನ್ನೇ ನೋಡುತ್ತಿದ್ದೆ, ಇನ್ನೊಂದ್ಸಲ ಬನ್ನಿ ಅಂತಾರಾ ಅಂತ.

ಗಂಡೋ ಹೆಣ್ಣೋ

ಆ ಸೀಸನ್ನಿನ ಮೊದಲ ಕಾರ್ಯಕ್ರಮ ಕೆಂಗೇರಿ ಉಪನಗರದ ಒಂದು ಶಾಲೆಯಲ್ಲಿ. ಮಕ್ಕಳಿಗೆ ವರ್ಕ್‌ಶಾಪು. ಸೆಲ್ಲೋ ಡಬ್ಬ ನೋಡಿದ ಆಟೋದವರೆಲ್ಲ "ಸಾರ್, ಬಟ್ಟೆ ಬೀರು ಗೀರು ಎಲ್ಲ ಆಟೋಲಿ ಹಾಕ್ಕೊಳಲ್ಲ" ಅಂದುಬಿಟ್ಟರು. ಸರಿ, ಮೈಸೂರು ರಸ್ತೆಯ ಬಸ್ಸು ಹತ್ತಿದೆವು. ಕಂಡಕ್ಟರು ಡಬ್ಬಕ್ಕೂ ಒಂದು ಟಿಕೆಟ್ ಹರಿದು ಕೊಟ್ಟ. ಟಿಕೆಟ್ ತಗೊಂಡ ಮೇಲೆ ಅದು ಯಾಕೆ ನಿಲ್ಲಬೇಕು ಅಂತ ಗದಗಿನವರು ಅದನ್ನು ಮುಂದಿನ ಖಾಲಿ ಸೀಟಿನಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕಂಬಿ ಹಿಡಿದು ನಿಂತರು.

ದೀಪಾಂಜಲಿ ನಗರದಲ್ಲಿ ಚೆಕ್ಕಿಂಗಿನವರು ಹತ್ತಿದರು. ಡಬ್ಬ ನೋಡಿದರು, ಸೀಟಿನ ಮೇಲೆ ಬರೆದದ್ದು ನೋಡಿದರು.

"ಇದು ಲೇಡೀಸ್ ಸೀಟು. ಗಂಡಸರು ಕೂತ್ರೆ ಫೈನ್, ಗೊತ್ತಿಲ್ವಾ?"

"ಸಾಹೇಬ್ರ, ನಾ ನಿಂತೀನಲ್ರಿ. ಕುಂತದ್ದು ಇದು," ಅಂದರು ಗದಗಿನವರು. "ಟಿಕೆಟ್ ಐತಿ, ನೋಡ್ರಿ."

"ಟಿಕೆಟ್ ಇರ್ಲಿ ಸ್ವಾಮಿ. ಇದು ಗಂಡೋ ಹೆಣ್ಣೋ, ಅದು ಹೇಳಿ."

ಆ ಮನುಷ್ಯ ತಮಾಷೆಗೆ ಕೇಳಿದ್ದು. ನಮ್ಮ ಗದಗಿನವರಿಗೆ ತಮಾಷೆ ಗೊತ್ತಾಗುವುದು ಮಾರನೇ ದಿನ. ಅವರು ಡಬ್ಬವನ್ನು ಮೇಲಿಂದ ಕೆಳಗೆ ನೋಡಿ, ಬಹಳ ಯೋಚನೆ ಮಾಡಿ ಹೇಳಿದರು. "ದನಿ ಗಂಡಸಿಂದೈತ್ರಿ, ಮೈಕಟ್ಟು ಹೆಣ್ಣಿಂದೈತಿ. ಎಲ್ಲಿ ಕುಂಡ್ರಸ್ಲಿ, ನೀವ ಹೇಳ್ರಿ."

ಇಡೀ ಬಸ್ಸು ನಕ್ಕಿತು. ಚೆಕ್ಕಿಂಗಿನವರೂ ನಕ್ಕು ಫೈನ್ ಪುಸ್ತಕ ಜೇಬಿಗೆ ಹಾಕಿಕೊಂಡರು. ಪಕ್ಕದ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಮಾತ್ರ ನಗಲಿಲ್ಲ. "ಕೂತ್ಕೊಳ್ಲಿ ಬಿಡಿ ಸಾರ್," ಅಂದಳು. "ನಮ್ಮೆಜಮಾನ್ರ ಥರ ಅಲ್ಲ. ಪಾಪ, ಬಾಯ್ಮುಚ್ಕೊಂಡು ಕೂತಿದೆ."

ಕಣ್ಣು ಮುಚ್ಚಿ ಕೇಳಿ

ಶಾಲೆಯಲ್ಲಿ ಮಕ್ಕಳು ನಮ್ಮನ್ನು ಮುತ್ತಿಕೊಂಡರು. ತಂತಿ ಮುಟ್ಟಿದರು, ಕ್ಲಾರಿಯೋನೆಟ್ಟಿನ ತೂತು ಎಣಿಸಿದರು, ಕಮಾನಿಗೆ ಕಟ್ಟಿದ್ದು ನಿಜವಾಗಿಯೂ ಕುದುರೆ ಬಾಲದ ಕೂದಲಾ ಅಂತ ಎಳೆದೂ ನೋಡಿದರು. ಅಷ್ಟು ಪ್ರೀತಿಯಿಂದ ನಮ್ಮ ವಾದ್ಯಗಳನ್ನು ದೊಡ್ಡವರು ಯಾರೂ ನೋಡಿರಲಿಲ್ಲ.

ಮೇಷ್ಟ್ರು ಅಂದರು. "ಮಕ್ಕಳೇ, ಈಗ ಕಣ್ಣು ಮುಚ್ಚಿಕೊಂಡು ಕೇಳಿ. ಮನಸ್ಸಿಗೆ ಏನು ಬರುತ್ತೆ ಹೇಳಿ." ನುಡಿಸಿದ್ದು ಅವರ 'ಮುಂಜಾವು' ಅನ್ನುವ ರಚನೆ. ಅದನ್ನು ಬರೆದದ್ದಕ್ಕೆ ಅವರಿಗೆ ಒಳಗೊಳಗೇ ಹೆಮ್ಮೆ. ಹಕ್ಕಿ, ಇಬ್ಬನಿ, ಹೊಂಬಿಸಿಲು ಎಲ್ಲ ಅದರಲ್ಲಿದೆ ಅಂತ ನಮಗೆ ಹೇಳುತ್ತಿದ್ದರು.

ಮುಗಿದ ಮೇಲೆ ಒಬ್ಬ "ದೆವ್ವ ಸಾರ್" ಅಂದ. ಇನ್ನೊಬ್ಬ "ಟ್ರಾಫಿಕ್ಕು" ಅಂದ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು "ಮಿಕ್ಸಿ ಸಾರ್" ಅಂದಳು.

"ಮಿಕ್ಸಿನಾ?"

"ಹೂಂ ಸಾರ್. ಚಟ್ನಿಗೆ ಹಾಕಿದಾಗ ಕಾಯಿ ಚೂರು ಸಿಕ್ಕಿಹಾಕ್ಕೊಂಡು ಗುರ್ರ್ ಅಂತ ನಿಂತುಹೋಗುತ್ತಲ್ಲ? ಆಮೇಲೆ ಅಮ್ಮ ಮೇಲೆ ಒಂದೇಟು ಕೊಟ್ರೆ ಮತ್ತೆ ತಿರುಗುತ್ತಲ್ಲ? ಅದು ಸಾರ್."

ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹೊರಡುವಾಗ ನಾನು ಹೆಡ್‌ಮಿಸ್ಸನ್ನು ಮೆಲ್ಲಗೆ ಕೇಳಿದೆ, ಮುಂದಿನ ವರ್ಷವೂ ಬರೋಣವಾ ಅಂತ. "ಬಹಳ ಚೆನ್ನಾಗಿತ್ತು ಮೇಡಂ. ಮುಂದಿನ ವರ್ಷ ಮ್ಯಾಜಿಕ್‌ನವರಿಗೆ ಹೇಳಿದೀವಿ" ಅಂದರು.

ಮನೆಗೆ ಬಂದ ಮೇಷ್ಟ್ರು ಹೆಂಡತಿಯ ಹತ್ತಿರ ದುಃಖ ತೋಡಿಕೊಂಡರು. ಆಯಮ್ಮ ಎಷ್ಟು ನಕ್ಕರು ಅಂದರೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳಬೇಕಾಯಿತು. "ಮಗು ಕಿವಿ ಬಂಗಾರ ಕಣ್ರೀ. ಅದನ್ನ ನೀವು ಬರೆದದ್ದು ಎಲ್ಲಿ ಕೂತು? ದಿನಾ ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ಕೂತು. ನಿಮ್ಮ ಮುಂಜಾವು ಅಂದ್ರೆ ನನ್ನ ಚಟ್ನಿನೇ."

ವಂದನಾರ್ಪಣೆ

ಮೇಷ್ಟ್ರ ಇನ್ನೊಂದು ರಚನೆಯಲ್ಲಿ ನಡುವೆ ಒಂದು ಮೌನ ಬರುತ್ತದೆ. ನಾವು ಮೂವರು ಕಮಾನು, ಅಣ್ಣ ಕ್ಲಾರಿಯೋನೆಟ್ ಎತ್ತಿ ಹಿಡಿದು, ಮನಸ್ಸಿನಲ್ಲೇ ಇಪ್ಪತ್ತೆರಡು ಎಣಿಸಬೇಕು. ಮೌನವೂ ಸಂಗೀತವೇ ಅಂತ ಮೇಷ್ಟ್ರ ವಾದ. ಗಣಿತದವರು, ಸೊನ್ನೆಗೂ ಬೆಲೆ ಕೊಡುತ್ತಾರೆ.

ರಾಜಾಜಿನಗರದ ಒಂದು ಸಂಘದ ವಾರ್ಷಿಕೋತ್ಸವದಲ್ಲಿ ಇದನ್ನು ನುಡಿಸಿದೆವು. ಮೌನ ಬಂತು. ನಾನು ಒಂಬತ್ತು ಎಣಿಸುವಷ್ಟರಲ್ಲಿ ಸಂಘದ ಹಿರಿಯರೊಬ್ಬರು ಮೈಕಿನ ಮುಂದೆ ಬಂದು ಚೀಟಿ ಬಿಚ್ಚಿದರು. "ಇಷ್ಟು ಹೊತ್ತು ಸುಶ್ರಾವ್ಯವಾಗಿ ನುಡಿಸಿದ ಕಲಾವಿದರಿಗೆ ಸಂಘದ ಪರವಾಗಿ ಹೃತ್ಪೂರ್ವಕ ವಂದನೆಗಳು." ಆಮೇಲೆ ಶಾಮಿಯಾನದವರಿಗೆ ವಂದನೆ, ಮೈಕ್‌ಸೆಟ್ಟಿನವರಿಗೆ ವಂದನೆ, ಉಪ್ಪಿಟ್ಟು ಕೇಸರಿಭಾತು ಮಾಡಿದವರಿಗೆ ವಂದನೆ. ನಾವು ನಾಲ್ಕೂ ಜನ ಕೈ ಎತ್ತಿಕೊಂಡೇ ಕೂತಿದ್ದೆವು, ಗೊಂಬೆಗಳ ಹಾಗೆ. ಕೊನೆಗೆ "ಈಗ ಎಲ್ಲರೂ ನಾಡಗೀತೆಗೆ ಎದ್ದು ನಿಲ್ಲಬೇಕಾಗಿ ವಿನಂತಿ" ಅಂದರು. ಎಲ್ಲರೂ ಎದ್ದು ನಿಂತರು.

ಸರಿಯಾಗಿ ಆಗ ಮೇಷ್ಟ್ರು ತಲೆ ಆಡಿಸಿ ಉಳಿದರ್ಧ ಶುರು ಮಾಡಿಬಿಟ್ಟರು.

ಉಳಿದರ್ಧ ಅಂದರೆ ಹನ್ನೊಂದು ನಿಮಿಷ. ಒಬ್ಬರೇ ಒಬ್ಬರು ಕೂರಲಿಲ್ಲ, ಕೆಮ್ಮಲಿಲ್ಲ, ಅಲುಗಾಡಲಿಲ್ಲ. ಕೈ ಪಕ್ಕಕ್ಕಿಟ್ಟು, ಎದೆ ಸೆಟೆದು ನಿಂತು ಕೇಳಿದರು. ಅಂಥ ಶ್ರೋತೃಗಳು ನಮಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ನನ್ನ ಕಣ್ಣೇ ತುಂಬಿ ಬಂತು. ಮುಗಿದ ಮೇಲೆ ಒಬ್ಬ ತಾತ ಮಂಡಿ ನೀವಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಮಂಡಿನೋವಿದ್ರೂ ನಿಂತೆ ತಾಯಿ. ನಾಡಗೀತೆಗೆ ಕೂರೋಕಾಗುತ್ತಾ? ಆದ್ರೆ ಒಂದು ಮಾತು. ಈ ಹೊಸ ಟ್ಯೂನಿಗೆ ಸರ್ಕಾರದಿಂದ ಪರ್ಮಿಷನ್ ತಗೊಂಡಿದೀರ ತಾನೆ?"

ಪ್ರದಕ್ಷಿಣೆ

ಬಸವೇಶ್ವರನಗರದಲ್ಲಿ ದಾವಣಗೆರೆ ಕಡೆಯ ವ್ಯಾಪಾರಿಯೊಬ್ಬರು ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ನಮ್ಮನ್ನು ಕರೆದರು. ಹೊಸ ಮನೆಯ ಹಾಲ್, ಹತ್ತಿರ ಕೂತ ಜನ, ನಿಜವಾದ ಚೇಂಬರ್ ಮ್ಯೂಸಿಕ್ ಅಂದರೆ ಇದೇ ಅಂತ ಮೇಷ್ಟ್ರು ಹಿಗ್ಗಿ ಹೀರೇಕಾಯಿ ಆಗಿದ್ದರು.

ಕ್ಲಾರಿಯೋನೆಟ್ ಅಣ್ಣನದೊಂದು ಕಷ್ಟ. ಇಪ್ಪತ್ತು ವರ್ಷ ವರನ ಕಾರಿನ ಮುಂದೆ ನಡೆದುಕೊಂಡೇ ಊದಿದವರು. ಸ್ವರ ಏರಿದರೆ ಕಾಲು ತಾನಾಗೇ ಏಳುತ್ತೆ. ಕೂತೇ ನುಡಿಸುತ್ತೇನೆ ಅಂತ ಆವತ್ತು ಮೇಷ್ಟ್ರಿಗೆ ಮಾತು ಕೊಟ್ಟಿದ್ದರು. ಮೂರು ನಿಮಿಷ ಕೂತರು. ಆಮೇಲೆ ಮೆಲ್ಲಗೆ ಎದ್ದರು, ಕಣ್ಣು ಮುಚ್ಚಿಕೊಂಡೇ ಹಾಲ್‌ನಿಂದ ಅಡುಗೆಮನೆ ಕಡೆ ಹೊರಟರು.

ನಾವು ಗಾಬರಿಯಾದರೂ ಬಾರಿಸುವುದು ಬಿಡಲಿಲ್ಲ. ಮನೆಯ ಅಜ್ಜಿ ಇದನ್ನು ನೋಡಿ, "ಏಳ್ರವ್ವಾ, ಪ್ರದಕ್ಷಿಣಿ ಶುರು ಆತು" ಅಂತ ಆರತಿ ತಟ್ಟೆ ಎತ್ತಿಕೊಂಡು ಅವರ ಹಿಂದೆ ನಡೆದರು. ಅಜ್ಜಿಯ ಹಿಂದೆ ಸೊಸೆಯರು, ಸೊಸೆಯರ ಹಿಂದೆ ಬೀಗರು, ಎಲ್ಲರ ಹಿಂದೆ ಪೂಜೆಗೆ ಬಂದಿದ್ದ ಅಯ್ಯನವರು. ಅಡುಗೆಮನೆ, ದೇವರಮನೆ, ಮೆಟ್ಟಿಲು ಹತ್ತಿ ನೀರಿನ ಟ್ಯಾಂಕು, ಮತ್ತೆ ಕೆಳಗೆ. ಹೀಗೆ ಮೂರು ಸುತ್ತು. ಕೊನೆಯ ಸ್ವರಕ್ಕೆ ಸರಿಯಾಗಿ ಅಣ್ಣ ಬಂದು ತಮ್ಮ ಕುರ್ಚಿಯಲ್ಲಿ ಕೂತರು, ಎಲ್ಲೂ ಹೋಗಿಯೇ ಇಲ್ಲ ಅನ್ನುವವರ ಹಾಗೆ.

ಮನೆ ಯಜಮಾನರಿಗೆ ಸಂತೋಷ ತಡೆಯಲಾಗಲಿಲ್ಲ. ನಾಲ್ಕೂ ಜನಕ್ಕೆ ಎಲೆ ಹಾಕಿಸಿ, ಎದುರು ನಿಂತು ಹೋಳಿಗೆಗೆ ತುಪ್ಪ ಬಡಿಸಿದರು. ಅಷ್ಟು ಆದರದ ಊಟ ನಾನು ನಮ್ಮ ನೆಂಟರ ಮನೆಯಲ್ಲೂ ಉಂಡಿಲ್ಲ. ಇದೇ ಸಮಯ ಅಂತ ಮೇಷ್ಟ್ರು ಬಾಯಿಬಿಟ್ಟೇ ಕೇಳಿದರು. "ಮತ್ತೆ ಯಾವಾಗಲಾದರೂ ಕರೆಸ್ತೀರಾ?"

"ಅಯ್ಯ, ಅದೇನು ಕೇಳೋದು ಮೇಷ್ಟ್ರೇ! ಖಂಡಿತ ಕರೀತೀನಿ," ಅಂದರು ಯಜಮಾನರು. "ಇನ್ನೊಂದು ಮನಿ ಕಟ್ಟಿಸಿದ ದಿವ್ಸ."

ಚೇಂಬರ್ ಕಾರ್ಯಕ್ರಮ

ಹೀಗೆ ಮಾರ್ಚ್ ಬಂತು. ಉಳಿದದ್ದು ಒಂದೇ ಕಾರ್ಯಕ್ರಮ, ವಿಜಯನಗರದ ಒಂದು ಬಡಾವಣೆಯ ಸಮುದಾಯ ಭವನದಲ್ಲಿ. ಮೇಷ್ಟ್ರು ಆಗಲೇ ತಮ್ಮ ಬರವಣಿಗೆಯ ಕಾಗದಗಳನ್ನು ಟ್ರಂಕಿಗೆ ತುಂಬಿಡುವುದಕ್ಕೆ ಶುರು ಮಾಡಿದ್ದರು. ನಾನು ಬಾಯಲ್ಲಿ ಜಗಳ ಆಡುತ್ತಿದ್ದೆ, ಒಳಗೆ ಅಳುತ್ತಿದ್ದೆ.

ಭವನದ ಬಾಗಿಲಿಗೆ ಹೋದರೆ, ನಮ್ಮ ಕಣ್ಣನ್ನೇ ನಾವು ನಂಬಲಿಲ್ಲ. ಜನವೋ ಜನ! ಕುರ್ಚಿ ಸಾಲದೆ ಕಿಟಕಿ ಹತ್ತಿರ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಕಾಗದ. ಕಾರ್ಯಕ್ರಮದ ಪಟ್ಟಿ ಅಚ್ಚು ಹಾಕಿಸಿದ್ದಾರೆ ಅಂದುಕೊಂಡೆ. ಮೇಷ್ಟ್ರು ನನ್ನ ಕೈ ಹಿಡಿದು "ನೋಡಮ್ಮ, ಕೊನೇ ದಿನಕ್ಕಾದ್ರೂ ಬಂದರಲ್ಲ" ಅಂದರು.

ಸ್ಟೇಜಿನ ಮೇಲೆ ನಮ್ಮ ಪಕ್ಕದಲ್ಲೇ ಮುಖ್ಯ ಅತಿಥಿಗಳ ಕುರ್ಚಿ. ಸಫಾರಿ ಸೂಟು ಹಾಕಿ, ಹಾರ ಹಾಕಿಸಿಕೊಂಡು ಒಬ್ಬ ದೊಡ್ಡ ಮನುಷ್ಯರು ಕೂತಿದ್ದರು. ಯಾರು ಅಂತ ನಮಗೆ ಗೊತ್ತಿರಲಿಲ್ಲ. ಮೇಷ್ಟ್ರು ಎದ್ದು ಎರಡು ಮಾತಾಡಿದರು.

"ಚೇಂಬರ್ ಅಂದ್ರೆ ಏನು ಅಂತ ನಿಮಗೆಲ್ಲ ಗೊತ್ತಿರಬಹುದು."

"ಗೊತ್ತು ಗೊತ್ತು!" ಅಂತ ಇಡೀ ಸಭೆ ಕೂಗಿತು. "ಮೂರು ತಿಂಗಳಿಂದ ಗೊತ್ತು!"

ಮೇಷ್ಟ್ರು ಉಬ್ಬಿಹೋದರು. "ಇದರ ನಿಜವಾದ ಅನುಭವ ಆಗಬೇಕಾದ್ರೆ ಹತ್ತಿರದಲ್ಲೇ ಇರಬೇಕು."

"ಮೂಗು ಮುಚ್ಕೊಂಡಾ?" ಅಂತ ಹಿಂದಿನಿಂದ ಒಂದು ದನಿ.

"ಒಳಗೆ ಇರೋದೆಲ್ಲ ಹೊರಗೆ ಹರಿದು ಬರಬೇಕು..."

"ಬಂದಿದೆ ಸಾರ್! ರೋಡ್ ತುಂಬಾ ಬಂದಿದೆ!"

ಮುಂದಿನ ಸಾಲಿನಲ್ಲಿದ್ದ ಒಬ್ಬರು ಆಂಟಿ ಕಾಗದ ಆಡಿಸುತ್ತ ಎದ್ದು ನಿಂತರು. "ಸಾರ್, ಭಾಷಣ ಸಾಕು. ನಮ್ಮ ಮನೆ ಮುಂದಿನ ಚೇಂಬರ್ ಯಾವತ್ತು ಕ್ಲೀನ್ ಮಾಡಿಸ್ತೀರಾ, ಅದು ಹೇಳಿ!"

ಅಯ್ಯೋ ದೇವರೇ! ನಮ್ಮ ಬೆಂಗಳೂರಿನಲ್ಲಿ ಚೇಂಬರ್ ಅಂದರೆ ಏನು? ಮನೆ ಮುಂದೆ ಮುಚ್ಚಳ ಹಾಕಿರುವ ಒಳಚರಂಡಿ ಗುಂಡಿ. ಅದು ಕಟ್ಟಿಕೊಂಡು ಮೂರು ತಿಂಗಳಿಂದ ಆ ರಸ್ತೆಯಲ್ಲಿ ಉಕ್ಕಿ ಹರಿಯುತ್ತಿತ್ತು. ಬಡಾವಣೆ ಸಂಘದ ಕಾರ್ಯದರ್ಶಿಗಳು ನೋಟಿಸ್ ಬೋರ್ಡಿನ ಮೇಲೆ ಜಾಗ ಸಾಲದೆ 'ಮ್ಯೂಸಿಕ್' ಬಿಟ್ಟು, "ಭಾನುವಾರ ಸಂಜೆ ಚೇಂಬರ್ ಕಾರ್ಯಕ್ರಮ, ಎಲ್ಲರೂ ತಪ್ಪದೇ ಬನ್ನಿ" ಅಂತ ಬರೆದಿದ್ದರು. ಜನ ತಪ್ಪದೇ ಬಂದಿದ್ದರು. ಕೈಯಲ್ಲಿದ್ದದ್ದು ಅರ್ಜಿ.

ಕಾರ್ಯದರ್ಶಿಗಳು ಬೆವರು ಒರೆಸಿಕೊಳ್ಳುತ್ತ ವಿಷಯ ತಿಳಿಸಿದರು. ಕುರ್ಚಿಗಳು ಸರಿದವು, ಜನ ಎದ್ದರು. ಮೇಷ್ಟ್ರು ಪಿಟೀಲಿನ ಡಬ್ಬದ ಕಡೆ ಕೈ ಚಾಚಿದರು. ಅವರ ಮುಖ ನೋಡಲಾರದೆ ನಾನು ನೆಲ ನೋಡಿದೆ.

ಅಷ್ಟರಲ್ಲಿ ಆಂಟಿ ಸ್ಟೇಜಿನ ಕಡೆ ಬೆರಳು ಮಾಡಿದರು. "ಅದಿರ್ಲಿ, ಹಾರ ಹಾಕ್ಕೊಂಡು ಕೂತಿದಾರಲ್ಲ, ಅವರು ಯಾರು?"

"ಅವರು ಮುಖ್ಯ ಅತಿಥಿಗಳಮ್ಮ," ಅಂದರು ಕಾರ್ಯದರ್ಶಿಗಳು. "ಒಳಚರಂಡಿ ಆಫೀಸಿನ ಇಂಜಿನಿಯರ್ ಸಾಹೇಬರು."

ಸಂಗೀತ ಕೇಳುವುದಕ್ಕೆ ಅಂತ ಆ ಸಭೆಗೆ ಬಂದವರು ಅವರೊಬ್ಬರೇ, ಪಾಪ. ಎದ್ದ ಜನವೆಲ್ಲ ಒಟ್ಟಿಗೆ ಕೂತರು. ಬಾಗಿಲಲ್ಲಿದ್ದ ಯಾರೋ ಬಾಗಿಲು ಹಾಕಿ ಒರಗಿ ನಿಂತರು. "ನೀವು ನುಡಿಸಿ ಸಾರ್," ಅಂದರು ಆಂಟಿ. "ನಾವು ಎಲ್ಲೂ ಹೋಗಲ್ಲ. ಅವರೂ ಹೋಗಲ್ಲ."

ನುಡಿಸಿದೆವು. ಮೇಷ್ಟ್ರ ಅತಿ ಉದ್ದದ ರಚನೆ, ಇಪ್ಪತ್ತೈದು ನಿಮಿಷ. ಅಷ್ಟೂ ಹೊತ್ತು ಸಭೆಯ ಕಿವಿ ನಮ್ಮ ಕಡೆ, ಕಣ್ಣು ಸಾಹೇಬರ ಕಡೆ. ಐದನೇ ನಿಮಿಷಕ್ಕೆ ಅವರು ಗಡಿಯಾರ ನೋಡಿದರು. ಹತ್ತನೇ ನಿಮಿಷಕ್ಕೆ ಅರ್ಧ ಎದ್ದರು, ಗದಗಿನವರ ಸೆಲ್ಲೋ ಅಡ್ಡ ಇತ್ತು, ಕೂತರು. ನಿಧಾನದ ಭಾಗ ಬಂದಾಗ ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡು ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡರು. ಆಗ ನಾನೊಂದು ವಿಷಯ ಗಮನಿಸಿದೆ. ಆ ಆಂಟಿ ಸಾಹೇಬರನ್ನು ದುರುಗುಟ್ಟುವುದು ಮರೆತು, ಅರ್ಜಿ ಮಡಿಲಲ್ಲಿಟ್ಟು, ತಲೆ ವಾಲಿಸಿ ನನ್ನ ವಯೋಲಾ ಕೇಳುತ್ತಿದ್ದರು. ನನ್ನ ಜನ್ಮಕ್ಕೆ ಅಷ್ಟು ಸಾಕಾಗಿತ್ತು.

ಮುಗಿದ ತಕ್ಷಣ ಸಾಹೇಬರು ಮೈಕಿಗೆ ಹಾರಿದರು. "ನಾಳೆ ಬೆಳಗ್ಗೆ ಎಂಟಕ್ಕೆ ಗಾಡಿ ಬರುತ್ತೆ. ನಾನೇ ನಿಂತು ಮಾಡಿಸ್ತೀನಿ. ನಮಸ್ಕಾರ." ಚಪ್ಪಾಳೆ ಭವನದ ಚಾವಣಿ ಶೀಟು ಹಾರಿಹೋಗುವ ಹಾಗೆ ಬಿತ್ತು. ಅದರಲ್ಲಿ ನಮ್ಮ ಪಾಲು ಎಷ್ಟು ಅಂತ ಮೇಷ್ಟ್ರು ಬಸ್ ಸ್ಟಾಪಿನವರೆಗೂ ಲೆಕ್ಕ ಹಾಕುತ್ತಿದ್ದರು. ಆಮೇಲೆ "ಸರಿ ಕಣಮ್ಮ, ಮುಗೀತು" ಅಂತ ಬಸ್ಸು ಹತ್ತಿದರು.

ಗುರುವಾರ ಲ್ಯಾಬಿಗೆ ಫೋನ್ ಬಂತು. ಅದೇ ಕಾರ್ಯದರ್ಶಿಗಳು. "ಮೇಡಂ, ಗಾಡಿ ಬಂತು, ಚೇಂಬರ್ ಕನ್ನಡಿ ಥರ ಆಗಿದೆ. ಬಡಾವಣೆಯವರೆಲ್ಲ ನಿಮ್ಮನ್ನೇ ನೆನೆಸ್ತಿದಾರೆ. ಮುಂದಿನ ತಿಂಗಳು ನೀವು ಇನ್ನೊಂದ್ಸಲ ಬರಲೇಬೇಕು."

ನಾನು ಸ್ಟೂಲು ಎಳೆದುಕೊಂಡು ಕೂತೆ. "ಇನ್ನೊಂದ್ಸಲಾನಾ ಸಾರ್?"

"ಹೌದು ಮೇಡಂ. ನಾಲ್ಕು ಬೀದಿದೀಪ ಉರೀತಾ ಇಲ್ಲ. ಕರೆಂಟ್ ಆಫೀಸಿನ ಸಾಹೇಬರು ಮುಖ್ಯ ಅತಿಥಿ ಆಗೋಕೆ ಒಪ್ಪಿದಾರೆ. ಆದ್ರೆ ಇವರು ಸ್ವಲ್ಪ ಗಟ್ಟಿ ಆಸಾಮಿ, ಇಪ್ಪತ್ತೈದು ನಿಮಿಷಕ್ಕೆ ಬಗ್ಗಲ್ಲ. ಅದಕ್ಕಿಂತ ಉದ್ದದ್ದು ಇದೆಯಾ ನಿಮ್ಮ ಹತ್ರ?"

ಮೇಷ್ಟ್ರಿಗೆ ಫೋನ್ ಮಾಡಿದೆ. "ಮೇಷ್ಟ್ರೇ, ಎರಡನೇ ಸಲ ಕರೆದಿದಾರೆ."

ಆ ಕಡೆ ಮೂಗು ಸೀಟಿಕೊಂಡ ಸದ್ದು. "ನಿಜವಾಗ್ಲೂನಾ?"

"ನಿಜವಾಗ್ಲೂ ಮೇಷ್ಟ್ರೇ. ವಿಜಯನಗರದವರು."

"ಅಷ್ಟು ಹಿಡಿಸ್ತೇನಮ್ಮ ಅವರಿಗೆ?" ಅಂದರು ಮೇಷ್ಟ್ರು. "ಏನಂದ್ರು, ಸರಿಯಾಗಿ ಹೇಳು."

ನಾನು ಜನರ ಶುಗರ್ ಎಷ್ಟಿದೆಯೋ ಅಷ್ಟನ್ನೇ ಹೇಳುವವಳು, ಸುಳ್ಳು ನನಗೆ ಬರುವುದಿಲ್ಲ. ಆದರೆ ನಿಜದಲ್ಲೂ ಎಷ್ಟು ಬೇಕೋ ಅಷ್ಟು ಹೇಳಬಹುದಲ್ಲ?

"ಇಪ್ಪತ್ತೈದು ನಿಮಿಷ ಏನೇನೂ ಸಾಲಲಿಲ್ಲವಂತೆ ಮೇಷ್ಟ್ರೇ."